ಚಕ್ರದ ಮೂರನೆಯ ಅಳತೆ

ಗಾಡಿಗೆ ಹೊಸ ವೀಲ್ ಹಾಕಿಸಿದ ಮೇಲೆ ತಿರುವಿನಲ್ಲಿ ಕರಕರ ಸದ್ದು ಬರುತ್ತಿದೆಯೇ? ರೇಡಿಯೊ ಜೋರು ಮಾಡಿಕೊಂಡು ಸುಮ್ಮನಿದ್ದೀರಾ? ಹಾಗಾದರೆ ನಮ್ಮ ಬೀದಿಯ ಕೂದಲೆಳೆಯ ಕಥೆ ನೀವು ಕೇಳಲೇಬೇಕು.

ಕೂದಲೆಳೆ ಎಂಬುದು ಗಾಜಿನಂಗಡಿಯವನಿಗೆ ನಾವಿಟ್ಟ ಹೆಸರು. ಗಾಜು ಕೊಯ್ಯುವಾಗ ಕೂದಲೆಳೆಯಷ್ಟೂ ಆಚೀಚೆ ಆಗಬಾರದು ಎಂದು ಬಂದವರಿಗೆಲ್ಲ ಹೇಳುವವನು ಅವನು. ಅವನು ಕೊಯ್ದ ಗಾಜು ಚೌಕಟ್ಟಿನಲ್ಲಿ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಇಂಥವನು ತನ್ನ ಪಿಕಪ್ಪಿಗೆ ಅಗಲದ ವೀಲ್‌ಗಳನ್ನು ತಂದ. ಎತ್ತರ ನೋಡಿದ, ಬೋಲ್ಟಿನ ತೂತುಗಳು ಹೊಂದುತ್ತವೆಯೇ ಎಂದು ನೋಡಿದ, ಅಗಲ ಕಂಡು ಹಿಗ್ಗಿದ. ಗಾಜಿಗಾದರೆ ಉದ್ದ, ಅಗಲ ಎರಡೇ ಸಾಕು. ಚಕ್ರಕ್ಕೂ ಅಷ್ಟೇ ಅಂದುಕೊಂಡ.

ಹೊಸ ವೀಲಿನಲ್ಲಿ ಗಾಡಿ ಎದೆಯುಬ್ಬಿಸಿ ನಿಂತಿತು. ನಾವೂ ಹೊಗಳಿದೆವು, ಸುಳ್ಳೇಕೆ ಹೇಳಲಿ. ಖಾಲಿ ಇದ್ದಾಗ ಚೆನ್ನಾಗಿಯೇ ಓಡಿತು. ಗಾಜು ಹೇರಿ ತಿರುಗಿಸಿದರೆ ಮಾತ್ರ ಮುಂದಿನ ಟೈರು ಮಡ್ಗಾರ್ಡಿಗೆ ಉಜ್ಜಿ ಗಾಡಿ ಅದುರುತ್ತಿತ್ತು. ಪಕ್ಕದ ಸೀಟಿನಲ್ಲಿ ಅವನ ಹೆಂಡತಿ ಹಿಂದಿನ ಗಾಜುಗಳ ಮೇಲೆ ಕಣ್ಣು ನೆಟ್ಟು, ಉಸಿರು ಬಿಗಿಹಿಡಿದು ಕೂರುತ್ತಿದ್ದಳು.

ಮುಂದಿನ ವಾರ ಹೊಸ ಆಸ್ಪತ್ರೆಯ ಮುಂಬಾಗಿಲಿಗೆ ಆಳೆತ್ತರದ ಗಾಜುಗಳನ್ನು ಸಾಗಿಸಬೇಕಿತ್ತು. ಅಂಗಡಿಗೆ ಸಿಕ್ಕ ಮೊದಲ ದೊಡ್ಡ ಕೆಲಸ ಅದು. ದಾರಿಯಲ್ಲಿ ಗಾಜು ಒಡೆದರೆ ಅಂಗಡಿಯ ಹೆಸರೂ ಅದರ ಜೊತೆಗೇ ಹೋಗುತ್ತಿತ್ತು.

ಹಳೆಯ ವೀಲನ್ನೇ ಹಾಕಿಸೋಣ ಎಂದಳು ಹೆಂಡತಿ. ಮಡ್ಗಾರ್ಡನ್ನು ಸ್ವಲ್ಪ ಬಡಿದು ಮೇಲೆತ್ತಿದರೆ ಸರಿಹೋಗುತ್ತದೆ ಎಂದ ಅವನು. ಅವಳು ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಹೋಲಿಸಿ ನೋಡಲು ಹಳೆಯ ವೀಲೊಂದನ್ನು ಗಾಡಿಯ ಹಿಂಭಾಗಕ್ಕೆ ಹೇರಿಸಿ, ಗಾಡಿಯನ್ನು ನೆಟ್ಟಗೆ ಅತ್ತಿಗೆಯ ಟೈರಂಗಡಿಗೆ ಬಿಡಿಸಿದಳು. ಅತ್ತಿಗೆ ಎಂದರೆ ಕೂದಲೆಳೆಯ ಒಡಹುಟ್ಟಿದ ಅಕ್ಕ. ಅಂಗಡಿಯ ಯಜಮಾನಿ, ಬಾಯಿ ಸ್ವಲ್ಪ ಜೋರು.

"ಅದೇ ಎತ್ತರ, ಅದೇ ತೂತು. ಇನ್ನೇನು ಅಳೀಬೇಕಿತ್ತಕ್ಕಾ?" ಎಂದ ತಮ್ಮ.

"ವೀಲು ಗಾಡಿಗೆ ಎಲ್ಲಿ ಕೂರುತ್ತೆ ಅಂತ ಅಳೆದ್ಯಾ? ಗಾಜು ಕೊಯ್ಯೋ ಅಳತೆಪಟ್ಟಿ ತಂದಿದ್ದೀಯಲ್ಲ, ಕೊಡಿಲ್ಲಿ."

ಅಕ್ಕ ಹಳೆಯದೊಂದು, ಹೊಸದೊಂದು, ಎರಡೂ ವೀಲುಗಳ ಟೈರು ಕಳಚಿ, ಮುಖ ಕೆಳಗೆ ಮಾಡಿ ನೆಲದ ಮೇಲಿಟ್ಟಳು. ಹಿಂಭಾಗದ ಅಂಚಿನ ಮೇಲೆ ಅವನ ಪಟ್ಟಿಯನ್ನು ಅಡ್ಡ ಇಟ್ಟಳು. ಪಟ್ಟಿಯಿಂದ ಕೆಳಗೆ, ಗಾಡಿಯ ಅಚ್ಚಿನ ತುದಿಯಲ್ಲಿರುವ ಹಬ್‌ಗೆ ಆನಿಕೊಳ್ಳುವ ತಟ್ಟೆಯವರೆಗೆ ಟೇಪು ಇಳಿಬಿಟ್ಟಳು. ಈ ಆಳಕ್ಕೇ ಬ್ಯಾಕ್‌ಸ್ಪೇಸಿಂಗ್ ಎನ್ನುತ್ತಾರೆ ಎಂದು ತಿಳಿಸಿದಳು. ಹಳೆಯ ವೀಲು ಅಂಚಿನಿಂದ ಅಂಚಿಗೆ ಏಳು ಇಂಚು, ಅದರಲ್ಲಿ ಐದು ಇಂಚು ತಟ್ಟೆಯ ಹಿಂದೆ. ಹೊಸದು ಒಂಬತ್ತು ಇಂಚು, ಹಿಂದೆ ಇರುವುದು ನಾಲ್ಕೇ.

ಲೆಕ್ಕ ಅವನಿಗೇ ಹೊಳೆಯಿತು. ಮೊದಲು ತಟ್ಟೆಯಿಂದಾಚೆ ಎರಡು ಇಂಚು ಇದ್ದದ್ದು ಈಗ ಐದಾಗಿದೆ. ಚಕ್ರ ಮೂರು ಇಂಚು ಹೊರಗೆ ಬಂದಿದೆ. ಕೂದಲೆಳೆಯ ಮುಖ ನೋಡಬೇಕಿತ್ತು ಆಗ.

"ಹಾಗಾದ್ರೆ ವೀಲು ಮಾರೋರು ಹೇಳೋ ಆಫ್‌ಸೆಟ್ ಅಂದ್ರೇನು?" ಎಂದು ಮೆಲ್ಲಗೆ ಕೇಳಿದ.

"ವೀಲಿನ ಅಗಲದ ನಟ್ಟನಡುವೆ ಒಂದು ಗೆರೆ ಇದೆ ಅಂದ್ಕೋ. ತಟ್ಟೆ ಆ ಗೆರೆಯಿಂದ ಬೀದಿ ಕಡೆಗಿದ್ರೆ ಪ್ಲಸ್ ಆಫ್‌ಸೆಟ್, ವೀಲು ಗಾಡಿಯೊಳಗೆ ಸರಿಯುತ್ತೆ. ಗಾಡಿ ಕಡೆಗಿದ್ರೆ ಮೈನಸ್, ವೀಲು ಹೊರಗೆ ಚಾಚುತ್ತೆ. ಗೆರೆ ಮೇಲೇ ಇದ್ರೆ ಸೊನ್ನೆ. ನಿಂದು ಮೈನಸ್ಸು."

ಹೊರಗೆ ಚಾಚಿದರೇನು, ಬಡಿದು ಜಾಗ ಮಾಡಬಹುದಲ್ಲ ಎಂದು ಅವನು ಇನ್ನೂ ಗೊಣಗಿದ. ಅಕ್ಕ ತುಂಬಿದ ಬಕೆಟ್ಟೊಂದನ್ನು ಅವನ ಕೈಗೆ ಕೊಟ್ಟಳು. ಮೊದಲು ಮೈಗೆ ಒತ್ತಿ ಹಿಡಿಸಿದಳು, ಆಮೇಲೆ ಕೈ ಚಾಚಿ ಹಿಡಿಯಲು ಹೇಳಿದಳು. ತೋಳು ನಡುಗಿ ನೀರು ಕಾಲ ಮೇಲೆ ಚೆಲ್ಲಿತು. ಹೊರಗೆ ಚಾಚಿದ ಚಕ್ರವನ್ನು ಬೇರಿಂಗು ಹೀಗೇ ಹೊರುತ್ತದೆ, ಬೇಗ ಸವೆಯುತ್ತದೆ, ಸ್ಟಿಯರಿಂಗೂ ಎಳೆದಾಡುತ್ತದೆ ಎಂದು ಅವಳು ವಿವರಿಸಿದಾಗ ತಮ್ಮ ಬಕೆಟ್ಟನ್ನು ಕೆಳಗಿಟ್ಟ. ಹೆಂಡತಿ ಮುಖ ಆ ಕಡೆ ತಿರುಗಿಸಿ ನಕ್ಕಳು.

"ಸರಿ, ಬ್ಯಾಕ್‌ಸ್ಪೇಸಿಂಗ್ ಎಲ್ಲಕ್ಕಿಂತ ಜಾಸ್ತಿ ಇರೋದನ್ನೇ ಕೊಡು," ಎಂದ.

"ಆಗ ಒಳಗಡೆ ಸ್ಪ್ರಿಂಗಿಗೋ ಬ್ರೇಕಿಗೋ ತಾಗುತ್ತೆ. ಕೊಳ್ಳೋ ಮುಂಚೆ ಒಳಗೆಷ್ಟು ಜಾಗ ಇದೆ, ಹೊರಗೆಷ್ಟು ಇದೆ ಅಂತ ನೋಡಪ್ಪಾ."

ಇಷ್ಟು ಹೇಳಿದ್ದೇ ತಡ, ನಮ್ಮ ಕೂದಲೆಳೆ ಮೈಮೇಲೆ ಬಂದವನ ಹಾಗೆ ಟೇಪು ಹಿಡಿದು ಗಾಡಿಯಡಿ ನುಗ್ಗಿದ. ಸ್ಪ್ರಿಂಗಿನವರೆಗೆ ಅಳೆದ, ಬ್ರೇಕಿನವರೆಗೆ ಅಳೆದ, ಮಡ್ಗಾರ್ಡಿನವರೆಗೆ ಅಳೆದ. ಕೊನೆಗೆ ಹಳೆಯದಕ್ಕಿಂತ ಒಳಗೆ ಅರ್ಧ, ಹೊರಗೆ ಅರ್ಧ ಇಂಚು ಮಾತ್ರ ಹೆಚ್ಚಿರುವ, ಗಾಡಿಯ ಹೊರೆ ತಾಳುವ ವೀಲನ್ನು ಅವನೇ ಆರಿಸಿದ. ಗಾಜಿನ ಬದಲು ಅಷ್ಟೇ ತೂಕದ ಮರಳು ಮೂಟೆ ಹೇರಿ, ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಅಂಗಡಿ ಮುಂದಿನ ಉಬ್ಬನ್ನು ಹತ್ತಿಸಿ ಇಳಿಸಿದ. ಎಲ್ಲೂ ಚೂರು ಸದ್ದಿಲ್ಲ. ಅಕ್ಕ ಅವನ ಬೆನ್ನು ಚಪ್ಪರಿಸಿದಳು. ಅವನು ಪ್ರಪಂಚ ಗೆದ್ದವನ ಹಾಗೆ ಬೀಗಿದ, ಅದಕ್ಕೆ ಹಕ್ಕೂ ಇತ್ತು.

ಆಸ್ಪತ್ರೆಯ ಗಾಜು ಸಾಗಿಸಿದ ದಿನ ತಿರುವು, ಉಬ್ಬು, ಗುಂಡಿ ಎಲ್ಲ ದಾಟಿ ಗೇಟಿನ ಮುಂದೆ ಗಾಡಿ ನಿಲ್ಲಿಸಿದಾಗ ಪಕ್ಕದಿಂದ ಮಾತೇ ಇಲ್ಲ. ಹೆದರಿ ತಿರುಗಿ ನೋಡಿದ. ಹೆಂಡತಿ ಸೀಟಿಗೆ ತಲೆಯಾನಿಸಿ ಗಾಢ ನಿದ್ದೆಯಲ್ಲಿದ್ದಳು. ಗಾಜು ಹೇರಿದ ಗಾಡಿಯಲ್ಲಿ ಅವಳು ಎಂದೂ ಕಣ್ಣು ಮುಚ್ಚಿದವಳಲ್ಲ. ಅವನಿಗೆ ಕಣ್ಣು ತುಂಬಿ ಬಂತು. ಅವಳನ್ನು ಎಬ್ಬಿಸದೆ ಸದ್ದಿಲ್ಲದೆ ಇಳಿದು ಹಿಂದೆ ಹೋಗಿ ನೋಡಿದ. ಗಾಜುಗಳೆಲ್ಲ ಇಡಿಯಾಗಿದ್ದವು.

ಗಾಡಿಯಿರುವ ಅಣ್ಣಂದಿರೇ, ಅಕ್ಕಂದಿರೇ, ವೀಲಿನ ಅಂದ ನೋಡುವ ಮೊದಲು ಅದರ ಬೆನ್ನು ಅಳೆಯಿರಿ. ಬ್ಯಾಕ್‌ಸ್ಪೇಸಿಂಗ್ ಎಷ್ಟು, ಆಫ್‌ಸೆಟ್ ಎಷ್ಟು ಎಂದು ಕೇಳಿ ತಿಳಿದುಕೊಳ್ಳಿ. ಹಳೆಯದರ ಜೊತೆ ಹೋಲಿಸಿ, ಹೊರೆ ಹೇರಿ ತಿರುಗಿಸಿ ನೋಡಿ. ನಿಮ್ಮ ಪಕ್ಕದಲ್ಲಿ ಕೂತವರು ನೆಮ್ಮದಿಯಿಂದ ಕಣ್ಣು ಮುಚ್ಚುವಂತಿರಲಿ ನಿಮ್ಮ ಗಾಡಿ.