ಏಳು ದಪ್ಪ ಜಟೆಗಳು

ನನಗೆ ಮೂಗಿನ ತುದಿಯಲ್ಲೇ ಕೋಪ. ಇಪ್ಪತ್ತನಾಲ್ಕು ವರ್ಷ ನೌಕಾಪಡೆಯಲ್ಲಿದ್ದು, ಕೊನೆಯ ಹತ್ತು ವರ್ಷ ಹುಡುಗರನ್ನು ಸಾಲಾಗಿ ನಿಲ್ಲಿಸಿ ಅವರ ಕೂದಲು ಕಿವಿಗೆ ತಾಗುತ್ತಿದೆಯೇ ಎಂದು ನೋಡುವ ಕೆಲಸವನ್ನೂ ಮಾಡಿದವನು. ತಾಗಿದರೆ ಅವನ ಗ್ರಹಚಾರ ಬಿಡಿಸುತ್ತಿದ್ದೆ. ತಲೆಗೂದಲಿನ ವಿಷಯದಲ್ಲಿ ಈ ನಟರಾಜನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದು ನಾನೇ ನಂಬಿಕೊಂಡಿದ್ದೆ. ಮಗಳ ತಲೆ ಹಾಳಾದದ್ದು ಆ ನಂಬಿಕೆಯಿಂದ.

ನಾನು ಅರಸೀಕೆರೆಯ ಕಡೆಯವನು. ಹೆಂಡತಿ ಸೀತಾಮಹಾಲಕ್ಷ್ಮಿ ವಿಜಯವಾಡದವಳು. ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದಾಗ ಪರಿಚಯವಾಗಿ ಮದುವೆಯಾದೆವು, ನಿವೃತ್ತಿಯಾದ ಮೇಲೆ ಅದೇ ಊರಿನ ಮಧುರವಾಡದಲ್ಲಿ ಫ್ಲ್ಯಾಟ್ ಕೊಂಡು ಇಲ್ಲೇ ಉಳಿದೆವು. ಒಬ್ಬಳೇ ಮಗಳು, ಗಗನಾ. ತಾಯಿ ಮಗಳದು ತೆಲುಗು, ನನ್ನ ಜೊತೆ ಮಾತ್ರ ಕನ್ನಡ. ನನ್ನವ್ವ ಪುಟ್ಟಮ್ಮ ಬಂದು ಆರು ವರ್ಷ ನಮ್ಮ ಜೊತೆಗಿದ್ದು ಮೊಮ್ಮಗಳಿಗೆ ಕಲಿಸಿಹೋದ ಕನ್ನಡ ಅದು. ಮಗಳು ಹೊರಗೆ ಎಲ್ಲಿಯೂ ಅದನ್ನು ಬಳಸುತ್ತಿರಲಿಲ್ಲ. ಅಷ್ಟು ದೊಡ್ಡ ಊರಿನಲ್ಲಿ ನನಗಾಗಿಯೇ ಒಬ್ಬಳು ಕನ್ನಡ ಮಾತಾಡುತ್ತಾಳೆಂದು ಒಳಗೊಳಗೇ ಹೆಮ್ಮೆಪಡುತ್ತಿದ್ದೆ.

ಗಗನಾಳದು ಗುಂಗುರು ಕೂದಲು. ಅದನ್ನು ಜಟೆ ಬಿಡಬೇಕೆಂದು ಕಾಲೇಜಿನಿಂದಲೂ ಆಸೆ. 'ಲಾಕ್ಸ್' ಎನ್ನುತ್ತಿದ್ದಳು. ನಾನು ಒಪ್ಪಲಿಲ್ಲ, ಅವಳಮ್ಮನೂ ಒಪ್ಪಲಿಲ್ಲ. ಆದರೆ ಎರಡು ಸಾವಿರದ ಹದಿನೈದರ ಕೊನೆಯಲ್ಲಿ ಸೀತಾಳಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಔಷಧಿ ಏರಿಸಿದ ಮೂರನೆಯ ವಾರಕ್ಕೆ ಅವಳ ಸೊಂಟದುದ್ದದ ಕೂದಲು ಹಿಡಿಹಿಡಿಯಾಗಿ ಕೈಗೆ ಬರತೊಡಗಿತು. ಬಾಚಿದಾಗ ಉದುರಿದ ಕೂದಲನ್ನು ಬಿಸಾಡದೆ ಸುತ್ತಿಟ್ಟು ಚೌರಿ ಮಾಡಿಸಿಕೊಳ್ಳುವುದು ಅವಳ ತವರಿನ ಹೆಂಗಸರ ರೂಢಿ. ಅದೇ ಅಭ್ಯಾಸದಲ್ಲಿ ಇದನ್ನೂ ಒಂದು ಕವರಿನಲ್ಲಿ ತುಂಬಿಟ್ಟಳು. ಆಮೇಲೆ ಒಂದು ದಿನ ಹಾಸಿಗೆಯ ಮೇಲೆ ಎದ್ದು ಕೂತು, ಕ್ರೋಶಾ ಕಡ್ಡಿ ಕೊಡು ಎಂದು ಮಗಳನ್ನು ಕರೆದಳು. ಮುಂದೆ ಕೂರಿಸಿಕೊಂಡು, ಅವಳ ಕೂದಲನ್ನು ಪಾಲು ಪಾಲು ಮಾಡಿ, ತನ್ನ ಕೂದಲನ್ನು ಅದರಲ್ಲಿ ಸೇರಿಸಿ ಹೊಸೆಯತೊಡಗಿದಳು. ಇಪ್ಪತ್ತು ದಿನ ಹಿಡಿಯಿತು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ, ಈ ಸಲ ಬೇಡ ಅನ್ನಲಿಲ್ಲ.

ಮರುವರ್ಷ ಆಗಸ್ಟಿನಲ್ಲಿ ಸೀತಾ ಹೋದಳು. ಅಸ್ಥಿಯನ್ನು ಕೃಷ್ಣೆಯಲ್ಲಿ ಬಿಟ್ಟೆವು. ಸೀರೆಗಳನ್ನು ಅವಳ ತಂಗಿ ಲಕ್ಷ್ಮೀಪ್ರಸನ್ನ ತೆಗೆದುಕೊಂಡು ಹೋದಳು. ಸೀತಾಳ ಮೈಯದು ಎಂದು ಈ ಭೂಮಿಯ ಮೇಲೆ ಉಳಿದದ್ದು ಗಗನಾಳ ತಲೆಯಲ್ಲಿದ್ದ ಆ ಕೂದಲು ಮಾತ್ರ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ನಾನು ಯಾವತ್ತೂ ಹೇಳಲಾರೆ.

ಮಗಳು ಆ ಜಟೆಗಳನ್ನು ನೋಡಿಕೊಂಡ ಬಗೆಯನ್ನು ನೋಡಿದ್ದರೆ ನನ್ನ ಹಡಗಿನ ಹುಡುಗರು ನಾಚಿಕೊಳ್ಳುತ್ತಿದ್ದರು. ಅವಳಿಗೆ ತಲೆಯ ಬುಡದಲ್ಲಿ ಜಿಡ್ಡು ಜಾಸ್ತಿ, ವೈಜಾಗಿನ ಸೆಕೆಗೆ ಅದು ಇನ್ನೂ ಜಾಸ್ತಿ. ಹತ್ತು ದಿನಕ್ಕೊಮ್ಮೆ, ಬಿಸಿಲಿದ್ದ ದಿನ ಮಾತ್ರ, ಬೆಳಿಗ್ಗೆ ಎಂಟರೊಳಗೆ ತಲೆಸ್ನಾನ. ಶಾಂಪೂವನ್ನು ನೀರಿನಲ್ಲಿ ತೆಳ್ಳಗೆ ಕಲಸಿ, ಮೂತಿಯಿದ್ದ ಬಾಟಲಿಯಿಂದ ಬುಡಕ್ಕೆ ಮಾತ್ರ ಬಿಟ್ಟು ಬೆರಳ ತುದಿಯಲ್ಲಿ ಉಜ್ಜುವುದು. ಜಟೆಯೊಳಗೆ ನೊರೆ ತಾನಾಗಿ ಇಳಿದುಹೋಗಬೇಕು. ಆಮೇಲೆ ಕಾಲು ಗಂಟೆ ಬರೀ ನೀರು. ಹಳೆಯ ಬನಿಯನ್ನಿನಲ್ಲಿ ಒಂದೊಂದನ್ನೂ ಹಿಂಡಿ, ಬಾಲ್ಕನಿಯಲ್ಲಿ ಬಿಸಿಲಿಗೆ ಕೂತು, ಒಳಗೆ ಬಂದು ಫ್ಯಾನಿನ ಕೆಳಗೆ ಮತ್ತೆ ಕೂರುವುದು. ಒದ್ದೆ ತಲೆಯಲ್ಲಿ ಒಂದು ದಿನವೂ ಮಲಗಿದವಳಲ್ಲ. ನಡುವೆ ಜಿಡ್ಡು ಕಟ್ಟಿದರೆ ಹತ್ತಿಯನ್ನು ನೀರು ಬೆರೆಸಿದ ವಿನೆಗರಿನಲ್ಲಿ ಅದ್ದಿ ಬೈತಲೆ ಬೈತಲೆಯನ್ನೂ ಒರೆಸಿಕೊಳ್ಳುತ್ತಿದ್ದಳು.

"ಎಣ್ಣೆ ಹಚ್ಕೊಳ್ದೆ ತಲೆ ಒಣ್ಗೋಗತ್ತೆ ಕಣವ್ವ," ಎಂದು ನಾನು ಗೊಣಗಿದರೆ ನಗುತ್ತಿದ್ದಳು.

"ಬುಡದಲ್ಲಿ ಎಣ್ಣೆ ತಾನೇ ಬರ್ತದೆ ಅಪ್ಪಾ. ಮೇಲಿಂದ ಹಾಕಿದ್ರೆ ಒಳಗೇ ಕೂತುಬಿಡ್ತದೆ. ಒಳಗೆ ಹೋಗಿದ್ದು ಮತ್ತೆ ಹೊರಗೆ ಬರಲ್ಲ."

ಸಾವಾದ ಮನೆಯಲ್ಲಿ ಒಂದು ವರ್ಷ ಹಬ್ಬವಿಲ್ಲ. ಹಾಗಾಗಿ ಅವಳು ಹೋದ ಮೇಲೆ ನಾವು ಮಾಡುವ ಮೊದಲ ದೀಪಾವಳಿ ಎರಡು ಸಾವಿರದ ಹದಿನೇಳರದು. ಅದಕ್ಕೆ ಎರಡು ವಾರ ಮುಂಚೆ ಗಗನಾಳಿಗೆ ಚಿಕೂನ್‌ಗುನ್ಯ. ಕೆಲಸ ಮಾಡುತ್ತಿದ್ದ ಕಾಲೇಜಿನ ಲ್ಯಾಬಿಗೆ ರಜೆ ಹಾಕಿ ಮಲಗಿದಳು. ಜ್ವರ ಇಳಿದರೂ ಕೀಲುಗಳ ನೋವು ಬಿಡಲಿಲ್ಲ, ಮಣಿಕಟ್ಟು ಊದಿ ಲೋಟ ಹಿಡಿಯಲೂ ಆಗುತ್ತಿರಲಿಲ್ಲ. ತಲೆ ತೊಳೆದು ಇಪ್ಪತ್ತು ದಿನವಾಗಿತ್ತು. ಬುಡದಲ್ಲಿ ಜಿಡ್ಡು, ಹೊಟ್ಟು, ತುರಿಕೆ. ಹಬ್ಬದ ಹಿಂದಿನ ದಿನ ಅವಳೇ ಕೇಳಿದಳು, "ಅಪ್ಪಾ, ನಾಳೆ ನೀನು ನನ್ನ ತಲೆ ತೊಳೀತೀಯಾ?"

ಆ ಒಂದು ಪ್ರಶ್ನೆಗೆ ನಾನು ಕರಗಿಹೋದೆ. ಎರಡು ವರ್ಷದಿಂದ ನಾನು ಮುಟ್ಟಬಾರದೆಂಬಂತೆ ಕಾಯ್ದ ತಲೆಯನ್ನು ಅವಳು ನನ್ನ ಕೈಗೆ ಕೊಡುತ್ತಿದ್ದಳು. ಬಾಟಲಿ ತೋರಿಸಿದಳು, ಬನಿಯನ್ ತೋರಿಸಿದಳು. "ಇದು ಮಾತ್ರ ಅಪ್ಪಾ. ಪುಡಿ ಗಿಡಿ ವದ್ದು, ಬೇಡ," ಎಂದಳು. ನಾನು ಸರಿ ಎಂದೆ.

ನಸುಕಿನಲ್ಲಿ ಎದ್ದಾಗ ನನಗೆ ನನ್ನವ್ವ ನೆನಪಾದಳು. ನರಕ ಚತುರ್ದಶಿಯ ಬೆಳಿಗ್ಗೆ ಹರಳೆಣ್ಣೆ ಬಿಸಿ ಮಾಡಿ ನೆತ್ತಿಗೆ ತಟ್ಟಿ, ಸೀಗೆಪುಡಿಗೆ ಚಿಗರೆಪುಡಿ ಬೆರೆಸಿ ಗಂಜಿಯಲ್ಲಿ ಕಲಸಿ, ಹಂಡೆಯ ಬಿಸಿನೀರು ಹುಯ್ದು ಉಜ್ಜುತ್ತಿದ್ದವಳು. ಸೀತಾ ಕೂಡ ಮದುವೆಯಾದ ಮೇಲೆ ಅದನ್ನೇ ಕಲಿತು ಮಗಳಿಗೆ ಮಾಡುತ್ತಿದ್ದಳು. ನಮ್ಮಕ್ಕ ಕಮಲಾಕ್ಷಿ ಅರಸೀಕೆರೆಯಿಂದ ಕಳಿಸಿದ್ದ ಪುಡಿಯ ಡಬ್ಬ ಅಡುಗೆಮನೆಯ ಅಟ್ಟದ ಮೇಲೆ ಹಾಗೇ ಇತ್ತು. ವರ್ಷ ಕಳೆದು ಬಂದ ಹಬ್ಬ, ತಾಯಿಯಿಲ್ಲದ ಮಗಳು, ಮೈಯೆಲ್ಲ ನೋವು. ಎಣ್ಣೆಯಿಲ್ಲದ ಹಬ್ಬದ ಸ್ನಾನ ಎಂಥದ್ದು? ಇಷ್ಟಕ್ಕೂ ಇವಳಿಗೇನು ಗೊತ್ತು, ಮೊಬೈಲು ನೋಡಿ ಕಲಿತವಳು. ಡಬ್ಬ ಇಳಿಸಿಯೇಬಿಟ್ಟೆ.

ಬಚ್ಚಲಲ್ಲಿ ಸ್ಟೂಲಿನ ಮೇಲೆ ಕೂತು, ತಲೆ ಬಗ್ಗಿಸಿ, ಮಾತ್ರೆಯ ಮಂಪರಿನಲ್ಲಿ ಕಣ್ಣು ಮುಚ್ಚಿದ್ದಳು. ನೆಗಡಿಯಿಂದ ಮೂಗೂ ಕಟ್ಟಿತ್ತು, ವಾಸನೆ ತಿಳಿಯಲಿಲ್ಲ. ಬೆಚ್ಚಗಿನ ಎಣ್ಣೆ ಬಿದ್ದಾಗ, ಬಿಸಿನೀರೆಂದುಕೊಂಡಳೋ ಏನೋ, "ಹಾಯಾಗಿದೆ ಅಪ್ಪಾ" ಎಂದಳು. ನಾನು ಧಾರಾಳಿಯಾದೆ. ಹಿಂಭಾಗದಲ್ಲಿ, ಎಡಗಿವಿಯ ಹಿಂದೆ, ಏಳು ಜಟೆಗಳು ಉಳಿದವಕ್ಕಿಂತ ದಪ್ಪಗಿದ್ದವು. ದಪ್ಪ ಇದ್ದದ್ದಕ್ಕೆ ಹೆಚ್ಚು ಬೇಕು ಎಂದುಕೊಂಡು ಅವಕ್ಕೆ ಎಣ್ಣೆಯನ್ನೂ ಪುಡಿಯನ್ನೂ ಎರಡರಷ್ಟು ಹಾಕಿ, ಒಳಗಿಳಿಯಲೆಂದು ಹಿಸುಕಿ ಹಿಸುಕಿ ತಿಕ್ಕಿದೆ. ಮೇಲಿನಿಂದ ನೋಡಲು ನೀರು ತಿಳಿಯಾಗಿಯೇ ಬಂತು. ಡಬ್ಬವನ್ನು ಒರೆಸಿ ಮತ್ತೆ ಅಟ್ಟಕ್ಕೆ ಸೇರಿಸಿದೆ.

ಆ ದಿನವೂ ಮಾರನೆಯ ದಿನವೂ ಮೋಡ. ಜಟೆಗಳು ಒಣಗಲೇ ಇಲ್ಲ. ಹದಿನೈದು ದಿನ ಕಳೆದ ಮೇಲೆ, ಅವಳು ಕೆಲಸಕ್ಕೆ ಹೋಗಲು ಶುರುಮಾಡಿದ ವಾರ, ಊಟಕ್ಕೆ ಕೂತವಳು ತನ್ನದೇ ಜಟೆಯೊಂದನ್ನು ಮೂಗಿಗೆ ಹಿಡಿದಳು.

"ಅಪ್ಪಾ, ಹುಳಿ ವಾಸನೆ ಬರ್ತಿದೆ. ಅವತ್ತು ನೀನು ಇದಕ್ಕೆ ಪುಡಿ ಏನಾದ್ರೂ ಹಾಕಿದ್ಯಾ?"

ಕೋಪದಲ್ಲಿ ಕೇಳಲಿಲ್ಲ. ಸುಮ್ಮನೆ ತಿಳಿದುಕೊಳ್ಳಲು ಕೇಳಿದಳು. ಹೌದು ಎಂದಿದ್ದರೆ ಏನಾಗುತ್ತಿತ್ತು ಎಂದು ಈಗ ನನಗೆ ಗೊತ್ತು. ಬಿಸಿನೀರಿನಲ್ಲಿ ನೆನೆಹಾಕಿ, ವಿನೆಗರ್ ಹಾಕಿ, ಬಿಚ್ಚಬೇಕಾದಲ್ಲಿ ಬಿಚ್ಚಿ ತೊಳೆದುಕೊಳ್ಳುತ್ತಿದ್ದಳು. ಆಗಿನ್ನೂ ಕಾಲ ಮಿಂಚಿರಲಿಲ್ಲ. ಆದರೆ ಹುಡುಗರಿಂದ ಯಾವತ್ತೂ ಲೆಕ್ಕ ಕೇಳಿಸಿಕೊಳ್ಳದ ಮನುಷ್ಯ ನಾನು. ನನ್ನ ಬಾಯಿ ನನಗಿಂತ ಮುಂಚೆ ಮಾತಾಡಿತು.

"ನಾನ್ಯಾಕ್ ಹಾಕ್ಲಿ? ನೀನು ಕೊಟ್ಟಿದ್ದೇ ಹಾಕಿದ್ದು. ಜ್ವರದ ಬೆವರು ಅದು, ಹೋಗತ್ತೆ."

"ಸರೇ," ಎಂದು ಅವಳು ಊಟ ಮುಂದುವರಿಸಿದಳು. ನಂಬಿದಳು.

ಬೆವರೆಂದು ನಂಬಿ ಅವಳು ಬುಡವನ್ನಷ್ಟೇ ತೊಳೆಯುತ್ತ ಹೋದಳು. ಹತ್ತು ದಿನಕ್ಕೊಮ್ಮೆ ಇದ್ದದ್ದು ಐದು ದಿನಕ್ಕೊಮ್ಮೆ ಆಯಿತು. ಒಳಗಿನ ಪುಡಿ ಪ್ರತಿಸಲವೂ ನೆನೆದು ಉಬ್ಬುತ್ತಿತ್ತು, ಒಣಗುತ್ತಿರಲಿಲ್ಲ. ನಾನು ನೋಡುತ್ತಿದ್ದೆ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ದಿನ ತಳ್ಳಿದೆ. ಬಸ್ಸಿನಲ್ಲಿ ಪಕ್ಕದವರು ಎದ್ದುಹೋದರೆಂದು ಒಮ್ಮೆ ಹೇಳಿದಳು. ಆವತ್ತೂ ನಾನು ಪೇಪರು ಓದುತ್ತಲೇ ಇದ್ದೆ. ಡಿಸೆಂಬರಿನ ಹೊತ್ತಿಗೆ ತಲೆಯ ಬುಡದಲ್ಲಿ ಕೀವುಗುಳ್ಳೆಗಳು ಎದ್ದವು. ಚರ್ಮದ ಡಾಕ್ಟರು ಮಾತ್ರೆ, ಮುಲಾಮು ಎಲ್ಲ ಕೊಟ್ಟು ನೋಡಿ, ಕೊನೆಗೆ ಬೋಳಿಸದೆ ಇದು ಹೋಗುವುದಿಲ್ಲ ಎಂದರು.

ಮನೆಗೆ ಬಂದವಳು ಕನ್ನಡಿಯ ಮುಂದೆ ಕೂತು ಎಡಗಿವಿಯ ಹಿಂದಿನ ಒಂದು ದಪ್ಪ ಜಟೆಯನ್ನು ಕತ್ತರಿಸಿ ಉದ್ದಕ್ಕೆ ಸೀಳಿದಳು. ಒಳಗೆ ಬೂದುಬಣ್ಣದ ಹೆಂಟೆ, ಬೂಷ್ಟು. ಬೆರಳಲ್ಲಿ ಪುಡಿಮಾಡಿ ಮೂಸಿದಳು. ಅಜ್ಜಿಯ ಕೈಯಲ್ಲಿ ಆರು ವರ್ಷ ತಲೆ ಕೊಟ್ಟವಳಿಗೆ ಸೀಗೆಯ ವಾಸನೆ ಗೊತ್ತಾಗದೆ ಇರುತ್ತದೆಯೇ? ಎದ್ದು ಅಡುಗೆಮನೆಗೆ ಹೋಗಿ, ಅಟ್ಟದಿಂದ ಡಬ್ಬ ಇಳಿಸಿ, ಮುಚ್ಚಳ ತೆಗೆದು ನೋಡಿ ಮೇಜಿನ ಮೇಲೆ ನನ್ನೆದುರು ಇಟ್ಟಳು.

"ನಾನು ಕೇಳಿದೆ ಅಲ್ವಾ ಅಪ್ಪಾ," ಎಂದಳು.

ನಾನು ಡಬ್ಬದ ಮುಚ್ಚಳ ಹಾಕಿದೆ.

"ಅಮ್ಮನ ಕೂದಲು ಎಲ್ಲದರಲ್ಲೂ ಇರ್ಲಿಲ್ಲ. ಈ ಏಳರಲ್ಲೇ ಇದ್ದದ್ದು. ಅದಕ್ಕೇ ದಪ್ಪ ಇದ್ವು."

ಆ ಏಳನ್ನು ನನ್ನ ಕೈಯಾರೆ ಹಿಸುಕಿ ಹಿಸುಕಿ ಕೊಳೆಸಿದ್ದೆ. ಹೇಳಬೇಕಾದದ್ದು ಬೇಕಾದಷ್ಟಿತ್ತು. ತಪ್ಪಾಯಿತು ಎಂಬ ಒಂದು ಮಾತೂ ನನ್ನ ಬಾಯಿಂದ ಹೊರಡಲಿಲ್ಲ. ಹಡಗಿನಲ್ಲಿ ಯಾರಿಗೂ ಹೇಳಿದ ಅಭ್ಯಾಸವಿರಲಿಲ್ಲ, ಮನೆಯಲ್ಲಿಯೂ ಇರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ವಿಜಯವಾಡಕ್ಕೆ ಹೋದೆವು. ಹೇಗೂ ಬೋಳಿಸುವುದಾದರೆ ಬೆಟ್ಟದ ಅಮ್ಮನವರಿಗೇ ಮುಡಿ ಕೊಡಲಿ, ಅಕ್ಕ ಇರುವುದೂ ಅಲ್ಲಿನ ಕೃಷ್ಣೆಯಲ್ಲೇ ಎಂದು ಲಕ್ಷ್ಮೀಪ್ರಸನ್ನ ಹೇಳಿದ್ದಳು. ದೇವಿಯ ಗುಡಿಯಿರುವ ಇಂದ್ರಕೀಲಾದ್ರಿ ಬೆಟ್ಟದ ಕೆಳಗೆ ಮುಡಿ ತೆಗೆಯುವ ಜಾಗದಲ್ಲಿ ಗಗನಾ ನೆಲದ ಮೇಲೆ ಕೂತಳು. ಚಿಕ್ಕಮ್ಮ ಅವಳ ಕೈ ಹಿಡಿದುಕೊಂಡಳು. ಕ್ಷೌರಿಕ ವಾಸನೆಗೆ ಒಂದು ಕ್ಷಣ ಮುಖ ಹಿಂದಕ್ಕೆ ತೆಗೆದ. ಹುಣ್ಣುಗಳನ್ನು ತಪ್ಪಿಸಿ ತಪ್ಪಿಸಿ ನಿಧಾನವಾಗಿ ಬೋಳಿಸಿದ. ಜಟೆಗಳು ಒಂದೊಂದಾಗಿ ಬಿದ್ದವು. ಹೊಸೆಯುವಾಗ ಇಪ್ಪತ್ತು ದಿನ ಹಿಡಿದದ್ದು ಅರ್ಧ ಗಂಟೆಯಲ್ಲಿ ಮುಗಿಯಿತು.

ನಾನು ಬಗ್ಗಿ, ದಪ್ಪಗಿದ್ದ ಒಂದನ್ನು ಎತ್ತಿಕೊಂಡೆ. ಕ್ಷೌರಿಕ ಮರ್ಯಾದೆಯಿಂದಲೇ ಕೈ ಚಾಚಿದ. ಅಮ್ಮನವರಿಗೆ ಕೊಟ್ಟಮೇಲೆ ತಿರುಗಿ ತೆಗೆದುಕೊಳ್ಳಬಾರದಂಡೀ ಎಂದು ತೆಲುಗಿನಲ್ಲಿ ಹೇಳಿದ. ಒಂದೇ ಒಂದು, ನನ್ನ ಹೆಂಡತಿಯದು ಎಂದು ನಾನು ಅವನ ಮುಂದೆ ಅತ್ತೆ. ಅತ್ತದ್ದಕ್ಕೆ ನನಗೆ ನಾಚಿಕೆಯಿಲ್ಲ. ಮಗಳು ನೆಲದಿಂದಲೇ ಕೈಯೆತ್ತಿ ಅದನ್ನು ನನ್ನ ಮುಷ್ಟಿಯಿಂದ ಬಿಡಿಸಿ ರಾಶಿಗೆ ಹಾಕಿದಳು. ಅವನು ಎಲ್ಲವನ್ನೂ ಗುಡಿಸಿ ಚೀಲಕ್ಕೆ ತುಂಬಿದ.

ಸಂಜೆ ವೈಜಾಗಿನ ರೈಲಿಗೆ ಸ್ಟೇಷನ್ನಿನಲ್ಲಿ ಕಾಯುತ್ತಿದ್ದೆವು. ಬೋಳುತಲೆಗೆ ಅರಿಶಿನ ಗಂಧ ಹಚ್ಚಿ, ಮೇಲೆ ದುಪ್ಪಟ್ಟಾ ಹೊದ್ದು ಕೂತಿದ್ದಳು. ಪಕ್ಕದಿಂದ ನೋಡಿದರೆ ಥೇಟ್ ಕೊನೆಯ ತಿಂಗಳುಗಳ ಸೀತಾ. ಟೀ ಮಾರುವವನು ಬಂದ. ಅವಳು ನನ್ನ ಕಡೆ ತಿರುಗಿದಳು.

"ನಾನ್ನಗಾರೂ, ಟೀ ತಾಗುತಾರಾ?"

ತಂದೆಯವರೇ, ಟೀ ಕುಡಿಯುತ್ತೀರಾ ಎಂದು ಕೇಳಿದ್ದು. ಹುಟ್ಟಿದಾಗಿನಿಂದ ನನ್ನನ್ನು 'ಅಪ್ಪಾ, ನೀನು' ಎಂದವಳು ಮೊದಲ ಸಲ ತೆಲುಗಿನಲ್ಲಿ, ಬಹುವಚನದಲ್ಲಿ, ಬಹಳ ಮರ್ಯಾದೆಯಿಂದ ಕೇಳಿದಳು. ಸಿಟ್ಟಿನ ದನಿಯಲ್ಲ. ಆ ಪ್ಲಾಟ್‌ಫಾರ್ಮಿನಲ್ಲಿದ್ದ ಯಾವ ಮುದುಕನನ್ನಾದರೂ ಅವಳು ಹಾಗೆಯೇ ಕೇಳುತ್ತಿದ್ದಳು. ನಾನು ಹೂಂ ಎಂದೆ.

ಇದು ನಡೆದು ವರ್ಷ ಮೇಲಾಯಿತು. ಗುಳ್ಳೆಗಳು ವಾಸಿಯಾಗಿ ಕೂದಲು ಕುತ್ತಿಗೆಯವರೆಗೆ ಬಂದಿದೆ. ಅದನ್ನು ದಿನಾ ಬಾಚಿ ಬಿಗಿಯಾಗಿ ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತಾಳೆ. ಅಡುಗೆ ಮಾಡುತ್ತಾಳೆ, ನನ್ನ ಬಿಪಿ ಮಾತ್ರೆ ತಪ್ಪದೆ ತಂದಿಡುತ್ತಾಳೆ, ಕೇಳಿದ್ದಕ್ಕೆ ತೆಲುಗಿನಲ್ಲಿ ಉತ್ತರ ಕೊಡುತ್ತಾಳೆ. ಕನ್ನಡದಲ್ಲಿ ನಾನು ಏನೇ ಹೇಳಿದರೂ ಅರ್ಥವಾಗುತ್ತದೆ, ತಿರುಗಿ ಬರುವುದಿಲ್ಲ.

ಕಳೆದ ದೀಪಾವಳಿಗೆ ನಸುಕಿನಲ್ಲೇ ಎದ್ದು ಒಂದು ಬಟ್ಟಲು ಎಣ್ಣೆ ಬಿಸಿ ಮಾಡಿದೆ. ಈಗ ಜಟೆಯಿಲ್ಲವಲ್ಲ, ಎಣ್ಣೆಯಿಂದ ಕೆಡುವುದೇನೂ ಇಲ್ಲವಲ್ಲ ಎಂದುಕೊಂಡು ಅವಳ ಕೋಣೆಯ ಬಾಗಿಲಿಗೆ ಹೋದೆ. ವರ್ಷದಿಂದ ಆಡದೆ ಉಳಿಸಿಕೊಂಡ ಮಾತನ್ನು ಆವತ್ತು ಆಡಿಬಿಡಬೇಕೆಂದೂ ಇದ್ದೆ. ಅವಳು ಆಗಲೇ ತಲೆ ತೊಳೆದುಕೊಂಡು ಟವೆಲ್ಲಿನಲ್ಲಿ ಒರೆಸಿಕೊಳ್ಳುತ್ತಿದ್ದಳು. ಬಟ್ಟಲು ನೋಡಿದಳು, ನನ್ನನ್ನು ನೋಡಿದಳು.

"ತಪ್ಪಾಯ್ತು ಮಗಾ," ಎಂದೆ.

"ಪರವಾಲೇದಂಡೀ," ಎಂದಳು, ಪರವಾಗಿಲ್ಲ ಎಂದು, ಕಾಲು ತುಳಿದ ಅಪರಿಚಿತನಿಗೆ ಹೇಳುವ ಹಾಗೆ. ಹೇಳಿ ತಲೆ ಒರೆಸಿಕೊಳ್ಳತೊಡಗಿದಳು.