ಹೊತ್ತು ಕಂಡವರ ಮಾರಿ

ಆಯೇರಿ ಕೂಗುವ ಹೊತ್ತಿಗೆ ಮೈಕು ಒಮ್ಮೆ ಕೂಂಯ್ ಅಂತ ಅತ್ತು ಸುಮ್ಮನಾಯಿತು. ಅಣ್ಣಿಗೇರಿಯ ಹಂದರದಲ್ಲಿ ಉಂಡು ಎಲೆ ಅಡಿಕೆ ಮೆಲ್ಲುತ್ತ ಕೂತವರೆಲ್ಲ, ಮದುಮಕ್ಕಳಿಗೆ ಯಾರು ಏನು ಕೊಟ್ಟರು ಅಂತ ತಿಳಿಯಲು ಕಿವಿ ನಿಮಿರಿಸಿದರು. ಮೈಕು ಹಿಡಿದಿದ್ದವನು ಮದುಮಗ ಶಂಕ್ರಪ್ಪನ ಸೋದರಮಾವ ಕುಬೇರಪ್ಪ. ಅವನಿಗೆ ಚಮಚವೂ ಒಂದೇ, ಸಿಂಹಾಸನವೂ ಒಂದೇ. ಎಲ್ಲಕ್ಕೂ ದರಬಾರಿನ ದನಿ.

“ಶಲವಡಿ ಗುಡದಪ್ಪನವರಿಂದಾ... ಒಂದು ಹಿತ್ತಾಳಿ ಕೊಡಾ. ಹೊಳೆಪ್ಪನವರಿಂದಾ... ಒಂದು ಗ್ವಾಡಿ ಗಡಿಯಾರ, ನಡೀತೈತೋ ಇಲ್ಲೋ ನೋಡಿ ತಗೋರಿ. ನಮ್ಮ ಅಯ್ನೋರಿಂದಾ...” ಇಲ್ಲಿ ದರಬಾರು ಕೊಂಚ ತಡವರಿಸಿತು. “ಇದೇನು, ಬರೇ ಕಾಗದ ಐತಿ... ಇಮಾನದ ಟಿಕೀಟು, ಎರಡು.”

“ಹೋಗಾಕ ಒಂದು, ಬರಾಕ ಒಂದೇನು ಕಾಕಾ?” ಹಿಂದಿನಿಂದ ಯಾರೋ ಕೇಳಿದರು.

“ಗಂಡಗೊಂದು ಹೆಂಡ್ತಿಗೊಂದಲೇ. ಹೋಗಿಬರೂದೆಲ್ಲಾ ಅದರಾಗ ಬಂತು.”

ಅಯ್ನೋರು ಅಂದರೆ ಮಠದ ಅಯ್ನೋರಲ್ಲ. ನವಲಗುಂದದ ಕಡೆ ಎಲ್ಲಿ ತೋಡಿದರೂ ಸವಳು ನೀರು ಬರುತ್ತದೆಂದು ಬೋರು ಕೊರೆಸಲು ಬಂದಿದ್ದ ಫಿನ್‌ಲ್ಯಾಂಡಿನ ಇಂಜಿನಿಯರು. ಹೆಸರು ಎಯ್ನೊ. ನಮ್ಮೂರ ಬಾಯಿಗೆ ಬಿದ್ದು ಅದು ವಾರದೊಳಗೆ ‘ಅಯ್ನೋರು’ ಆಯಿತು. ಮುದುಕಿಯರು ಅವನನ್ನು ಕಂಡರೆ “ಶರಣ್ರೀ” ಅನ್ನತೊಡಗಿದರು. ಶಂಕ್ರಪ್ಪನ ಮನೆಯ ಮಾಳಿಗೆಯಲ್ಲಿ ಬಾಡಿಗೆಗಿದ್ದ. ಬಿ.ಎ. ಮುಗಿಸಿದ್ದ ಶಂಕ್ರಪ್ಪ ಅವನ ಜೀಪಿನಲ್ಲಿ ಕೂತು ಅವನ ಮಾತನ್ನು ರೈತರಿಗೆ, ರೈತರ ಬೈಗುಳವನ್ನು ಸೋಸಿ ಅವನಿಗೆ ತಲುಪಿಸುತ್ತಿದ್ದ. ಹಾಗೆ ಸೋಸಿದ್ದರಲ್ಲೇ ಎಯ್ನೊ ಕನ್ನಡ ಕಲಿತ. ‘ಗ’ ಮತ್ತು ‘ಬ’ ಮಾತ್ರ ಅವನ ನಾಲಿಗೆಗೆ ಒಗ್ಗದೆ ‘ಕ’, ‘ಪ’ ಆಗುತ್ತಿದ್ದವು. ರೊಟ್ಟಿ ಮುರಿಯುತ್ತ “ಅಕದಿ ಪಾರಿ ಐತಿ” ಅನ್ನುತ್ತಿದ್ದ.

ಮದುವೆ ನಿಶ್ಚಯವಾದಾಗಲೇ ಅವನು ಹಟ ಹಿಡಿದು ಇಬ್ಬರದೂ ಪಾಸಪೋರ್ಟು ಮಾಡಿಸಿದ್ದ. ಕ್ರಿಸ್ಮಸ್ಸಿಗೆ ಅವನೂ ತಾಯಿಯನ್ನು ನೋಡಲು ಹೋಗುವವನು, ಜೋಡಿಯನ್ನೂ ಕರೆದೊಯ್ಯುತ್ತಾನಂತೆ. ಹನಿ ನೀರಿಗೆ ಪಾತಾಳ ಕೊರೆಯುವ ಸೀಮೆಯಿಂದ ಹನಿಮೂನಿಗೆ ಹೊರಟವರು ಇವರೇ ಮೊದಲಿಗರು.

“ಅಲ್ಲಿ ಏನ್ ಬೆಳೀತಾರೋ?” ಶಂಕ್ರಪ್ಪನ ತಾಯಿ ಸಾವಿತ್ರೆವ್ವ ಕೇಳಿದಳು.

“ಈಗ ಹಿಮಾ ಬಿದ್ದಿರತೈತಿ ಯವ್ವಾ. ಎಲ್ಲಾ ಬೆಳ್ಳಗ.”

“ಹತ್ತಿನೂ ಬೆಳ್ಳಗ ಇರತೈತಿ. ಅದನ್ನ ಉಣ್ತಾರೇನು?” ಅಂದವಳೇ ಒಂದು ಚೀಲದ ತುಂಬ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ತುಂಬಿದಳು.

ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ರೈಲು ಅಲುಗಿದಾಗ ಅವಳು ಮಗನಿಗೆ ಇನ್ನೊಂದು ಮಾತು ಹೇಳಿದಳು. “ಹೊತ್ತು ಮೂಡೂದಕ್ಕಿಂತ ಮೊದಲ ಆಕಿಗೆ ಉಣ್ಣು ಅಂತ ಜುಲ್ಮಿ ಮಾಡಬ್ಯಾಡ.” ಶಂಕ್ರಪ್ಪ “ಹೂಂ” ಅಂದ. ನಸುಕಿನಲ್ಲಿ ನಾಷ್ಟಾ ಮಾಡುವವರು ಯಾರಿದ್ದಾರೆ ಅಂದುಕೊಂಡು ಅಷ್ಟಕ್ಕೇ ಮರೆತ.

ಆ ಮಾತಿನ ಹಿಂದೆ ಒಂದು ಹರಕೆ ಇತ್ತು. ಮದುಮಗಳು ಮಾದೇವಿ ಕಲಘಟಗಿ ತಾಲೂಕಿನ ಮಿಶ್ರಿಕೋಟಿಯವಳು. ಹಿಂದಿನ ಸಂಕ್ರಮಣದ ಆಜೂಬಾಜು ಅವಳ ಅಪ್ಪ ಗಂಗಪ್ಪನಿಗೆ ಭತ್ತದ ಬಣವೆಯಲ್ಲಿ ಹಾವು ಕಡಿಯಿತು. ಹುಬ್ಬಳ್ಳಿ ದವಾಖಾನೆಯಲ್ಲಿ ಅವನು ಕಣ್ಣು ತೆರೆಯದೆ ಮಲಗಿದ್ದಾಗ ಮಾದೇವಿ ಅಂಗಳದಲ್ಲಿ ನಿಂತು ಸೂರ್ಯನಿಗೆ ಕೈ ಮುಗಿದಳು: ಅಪ್ಪ ಎದ್ದು ಬಂದರೆ ಮುಂದಿನ ಸಂಕ್ರಮಣದ ತನಕ ದಿನಾ ನಿನ್ನ ಮಾರಿ ನೋಡದೆ ತುತ್ತು ಮುಟ್ಟುವುದಿಲ್ಲ. ಅಪ್ಪ ಎದ್ದು ಬಂದ. ಬಿಸಿಲಲ್ಲಿ ನಿಂತು ಬೇಡಿಕೊಂಡವಳಿಗೆ ಶ್ರಾವಣದ ನೆನಪಿರಲಿಲ್ಲ. ಜಿಟಿಜಿಟಿ ಮಳೆ ಹಿಡಿದು ಸೂರ್ಯ ಮೋಡದಲ್ಲಿ ಮುಸುಕು ಹೊದ್ದು ಮಲಗಿದಾಗ ಹುಡುಗಿ ಹಸಿದು ಕೂತಳು.

ಆಗ ಅವಳ ಅಜ್ಜಿ ಗುರವ್ವ ಒಂದು ದಾರಿ ತೋರಿಸಿದಳು. “ಹೊತ್ತು ಕಂಡವರ ಮಾರಿ ಕಂಡ್ರ ಹೊತ್ತು ಕಂಡಂಗ. ಆದ್ರ ಅವರು ಅವತ್ತ ಕಂಡಿರಬೇಕು. ಖರೇ ಹೇಳಬೇಕು.” ಅಂದಿನಿಂದ ಮೋಡದ ದಿನಗಳಲ್ಲಿ ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಹನಮಂತಪ್ಪನೇ ಅವಳಿಗೆ ಸೂರ್ಯ. ಬಾಗಿಲಿಗೆ ಜೋತುಬಿದ್ದು ಮುಖ ಚಾಚುತ್ತಿದ್ದ: “ತಂಗೀ, ಗಬ್ಬೂರ ಹಂತೇಕ ಸ್ವಲ್ಪ ಇಣಿಕಿದ್ದ. ಲಗೂನ ನೋಡ್ಕೋ, ಉಣ್ಣು. ರೈಟ್, ರೈಟ್.”

ಅಣ್ಣಿಗೇರಿಗೆ ಬಂದ ಮೇಲೆ ಈ ತೊಂದರೆ ಇರಲಿಲ್ಲ. ಅಲ್ಲಿ ಎಲ್ಲದಕ್ಕೂ ಬರ ಬಂದೀತು, ಸೂರ್ಯನಿಗೆ ಬರ ಇಲ್ಲ. ಹರಕೆಯ ವಿಷಯ ಅತ್ತೆಗೆ ಗೊತ್ತಿತ್ತು. ಗಂಡನಿಗೆ ಹೇಳುವಷ್ಟು ಮಾತು ಇನ್ನೂ ಬೆಳೆದಿರಲಿಲ್ಲ. ತುಂಬಿದ ಮನೆ, ಹೊಸ ಸೊಸೆ. ಮಾದೇವಿಯ ಕಣ್ಣು ಗಂಡನ ಅಂಗಿಯ ಎರಡನೆಯ ಗುಂಡಿಯ ಮೇಲಕ್ಕೆ ಏರಿರಲೇ ಇಲ್ಲ.

ಹೆಲ್ಸಿಂಕಿಯಲ್ಲಿ ಇಳಿದಾಗ ಸೂರ್ಯ ಕಂಡ. ತೊಳೆದು ತೊಳೆದು ಬಣ್ಣ ಹೋದ ತಾಟಿನಂತಿದ್ದ. ಮಾದೇವಿ ಕೈ ಮುಗಿದು ರೊಟ್ಟಿ ತಿಂದಳು. ಅಲ್ಲಿಂದ ರಾತ್ರಿಯಿಡೀ ಬಡಗಣಕ್ಕೆ ರೈಲು. ಆಮೇಲೆ ಬಸ್ಸು. ಎಯ್ನೊನ ಊರು ಅಂದರೆ ಹಿಮದಲ್ಲಿ ಹೂತ ನಾಲ್ಕಾರು ಕಟ್ಟಿಗೆಯ ಮನೆ, ಹಿಂದೆ ಒಂದು ಬೋಳು ಗುಡ್ಡ. ಎಯ್ನೊನ ತಾಯಿ ಹಿಲ್ಮಾ ಬಾಗಿಲಿಗೆ ಬಂದು ಇಬ್ಬರ ಕೆನ್ನೆಯನ್ನೂ ತಟ್ಟಿ ಒಳಗೆಳೆದುಕೊಂಡಳು. ಶಂಕ್ರಪ್ಪ ಅವಳನ್ನು ಅಲ್ಲೇ ‘ಹಿಲ್ಮವ್ವ’ ಮಾಡಿದ. ಇವರು ಮಾಂಸ ತಿನ್ನುವವರಲ್ಲವೆಂದು ಮಗ ಮೊದಲೇ ಬರೆದಿದ್ದ. ಬಾರ್ಲಿ ಗಂಜಿ, ಬಟಾಟಿ, ಹಾಲು ಎಲ್ಲ ಸಿದ್ಧವಿತ್ತು.

ಮಾದೇವಿ ಕಿಟಕಿಯ ಹತ್ತಿರ ಕೂತಳು. ಗಡಿಯಾರದಲ್ಲಿ ಮುಂಜಾನೆ ಕಳೆಯಿತು. ಹೊರಗೆ ಇನ್ನೂ ಕತ್ತಲೆ.

“ಇಲ್ಲಿ ಹೊತ್ತು ಯಾವಾಗ ಮೂಡತೈತ್ರೀ?” ಎರಡನೆಯ ಗುಂಡಿಯನ್ನು ಕೇಳಿದಳು.

ಈ ಪ್ರಶ್ನೆಗೆಂದೇ ಶಂಕ್ರಪ್ಪ ಅಣ್ಣಿಗೇರಿಯಿಂದ ಬಾಯಿ ಕಟ್ಟಿಕೊಂಡು ಬಂದಿದ್ದ. ಎದ್ದು ನಿಂತು, ತನ್ನ ಭೂಗೋಳದ ಮೇಷ್ಟರು ಮೂಗಿನಲ್ಲಿ ಪಾಠ ಹೇಳುತ್ತಿದ್ದ ಧಾಟಿಯನ್ನೇ ಹಿಡಿದು ಶುರುಮಾಡಿದ. “ಅದ ಇಲ್ಲಿ ಮಜಾ. ಭೂಮಿ ಹಿಂಗ ಒಂದ ಕಡೆ ವಾಲಿ ತಿರಗತೈತಿ. ಹಿಂಗಾಗಿ ಈ ದಿನದಾಗ ಇಲ್ಲಿ ಹೊತ್ತು ಮೂಡೂದ ಇಲ್ಲ. ಹನಿಮೂನಿನಾಗ ಮೂನ್ ಐತಿ, ಸೂರ್ಯ ರಜಾದ ಮ್ಯಾಲೆ ಹೋಗ್ಯಾನ. ನಾವು ಹೋಗೂತನಕಾ ಬರಂಗಿಲ್ಲ. ಹ್ಯಾಂಗೈತಿ?”

ಅವಳ ಮುಖ ಆರಿತು.

ಅವತ್ತು ಅವಳು ಗಂಜಿ ಮುಟ್ಟಲಿಲ್ಲ, ಬರೀ ನೀರು ಕುಡಿದಳು. ಚೀಲದ ರೊಟ್ಟಿ ತೆಗೆದುಕೊಟ್ಟರೆ ಅದನ್ನೂ ಮುಟ್ಟಲಿಲ್ಲ. ಹಿಲ್ಮಾ ಗಂಜಿಗೆ ಬೆಣ್ಣೆ ಹಾಕಿ ತಂದಳು, ಆಮೇಲೆ ಸಕ್ಕರೆ ಹಾಕಿ, ಕಡೆಗೆ ತಾನೇ ಒಂದು ಚಮಚ ತಿಂದು ಕಣ್ಣರಳಿಸಿ ತೋರಿಸಿದಳು. ಮಾದೇವಿ ಕೈ ಮುಗಿದಳು ಅಷ್ಟೇ.

ಹೊರಗೆ ಕಟ್ಟಿಗೆ ಸೀಳುತ್ತಿದ್ದ ಎಯ್ನೊನ ಹತ್ತಿರ ಶಂಕ್ರಪ್ಪ ಹೋಗಿ ನಿಂತ. “ಆಕಿಗೆ ನಾ ಸೇರಿಲ್ಲೋ ಅಯ್ನೋರ. ಮನಿಯಾಗ ಹಿರೇರು ಇದ್ರು ಅಂತ ಉಣ್ತಿದ್ಲು. ಇಲ್ಲಿ ಯಾರದೂ ಹೆದರಿಕಿಲ್ಲ, ಬಿಟ್ಲು.”

“ಕೇಳು ಆಕಿನ್ನ.”

“ಏನಂತ ಕೇಳ್ಲಿ? ಹೌದು ಅಂದ್ಲಂದ್ರ?”

ಎಯ್ನೊ ಕೊಡಲಿ ಕೆಳಗಿಟ್ಟ. “ಪೋರ್ ಹಾಕಿದ ಮ್ಯಾಲ ಕೊತ್ತಾಕೂದು, ಸಿಹಿನೋ ಸವಳೋ,” ಅಂದ.

ಮರುದಿನ ನೀರಿನ ಚರಿಗೆ ಎತ್ತಲು ಹೋದ ಮಾದೇವಿ ತೋಲ ತಪ್ಪಿ ಗೋಡೆ ಹಿಡಿದಳು. ಶಂಕ್ರಪ್ಪ ಓಡಿ ರಟ್ಟೆ ಹಿಡಿದ. ಭಯದಲ್ಲಿ ಮಾತು ಒರಟಾಯಿತು.

“ನನ್ನ ಮ್ಯಾಲೆ ಸಿಟ್ಟಿದ್ರ ನನಗ ಬೈ. ಹೊಟ್ಟಿ ಮ್ಯಾಲೆ ಯಾಕ ತೀರಿಸ್ಕೋತಿ?”

“ನಿಮ್ಮ ಮ್ಯಾಲೆ ಯಾಕ ಸಿಟ್ರೀ?” ಅವಳಿಗೆ ನಿಜಕ್ಕೂ ಆಶ್ಚರ್ಯವಾಯಿತು. ಆಮೇಲೆ ಹಾವು, ದವಾಖಾನೆ, ಹರಕೆ ಎಲ್ಲವನ್ನೂ ಹೇಳಿದಳು. “ಇಲ್ಲಿ ನಾ ಉಂಡು, ಅಲ್ಲಿ ಅಪ್ಪಗ ಏನರ ಆತಂದ್ರ?”

ಸ್ಟೇಷನ್ನಿನಲ್ಲಿ ತಾಯಿ ಹೇಳಿದ್ದು ಶಂಕ್ರಪ್ಪನಿಗೆ ಆಗ ನೆನಪಾಯಿತು. ಆದರೂ ಬಿ.ಎ. ಸುಮ್ಮನಿರಲಿಲ್ಲ. “ಸೂರ್ಯ ಎಲ್ಲೂ ಹೋಗಿಲ್ಲ ಮಾದೇವಿ. ಅಲ್ಲೇ ಕೆಳಗ ಅದಾನ. ಅದಾನಂತ ನಂಬಿ ಉಣ್ಣು.”

“ನಮ್ಮಪ್ಪನೂ ಮಿಶ್ರಿಕೋಟ್ಯಾಗ ಅದಾನ. ನಂಬೇನಿ. ಹಂಗಂದ್ರ ನೋಡಿದಂಗ ಆತೇನ್ರೀ?”

ಕಡೆಗೆ ಅವಳೇ ಅಜ್ಜಿಯ ದಾರಿ ಹೇಳಿದಳು. ಕಂಡಕ್ಟರ್ ಹನಮಂತಪ್ಪನ ರೈಟ್ ರೈಟನ್ನೂ ಅವನ ಹಾಗೇ ಕುತ್ತಿಗೆ ಚಾಚಿ ಹೇಳಿದಳು. ಶಂಕ್ರಪ್ಪ ನಕ್ಕ. ಹೆಂಡತಿಗೆ ಅಣಕಿಸಲು ಬರುತ್ತದೆಂದು ಅವನಿಗೆ ಅವತ್ತೇ ಗೊತ್ತಾದದ್ದು. ನಗು ಮುಗಿಯುವ ಮೊದಲೇ ಎಯ್ನೊನನ್ನು ಕರೆದ.

ಎಯ್ನೊ ಕಿಟಕಿಯಿಂದ ಗುಡ್ಡದ ಕಡೆ ನೋಡಿದ. ಊರಿಗೆ ಕಾಣದಿದ್ದರೂ, ಮಟಮಟ ಮಧ್ಯಾಹ್ನ ಗುಡ್ಡದ ನೆತ್ತಿಗೆ ಸೂರ್ಯನ ಅಂಚು ಒಂದು ಕ್ಷಣ ಕಾಣುವುದುಂಟು ಅಂದ. ಮೋಡ ಇರಬಾರದು. ಮಾದೇವಿ ತಾನೂ ಬರುತ್ತೇನೆಂದು ಎದ್ದಳು. ಹಿಲ್ಮಾ ಬಾಗಿಲಿಗೆ ಅಡ್ಡ ನಿಂತಳು. ಉಪವಾಸದ ಮೈಗೆ ಆ ಗುಡ್ಡದ ಗಾಳಿ ತಾಗಿದರೆ ಏನಾಗುತ್ತದೆಂಬುದನ್ನು ಅವಳು ಕತ್ತಿನ ಮೇಲೆ ಬೆರಳು ಎಳೆದು ಯಾವ ಭಾಷೆಯವರಿಗೂ ತಿಳಿಯುವಂತೆ ಹೇಳಿದಳು.

ಹೀಗಾಗಿ ಗಂಡಸರಿಬ್ಬರೇ ಹೊರಟರು. ಹಿಮದ ಮೇಲೆ ಓಡುವ ಅವರ ಗಾಡಿ, ಗಾಲಿ ಕಳಚಿಟ್ಟ ಮೋಟಾರ್ ಸೈಕಲ್ಲಿನಂತಿತ್ತು. ನೆತ್ತಿಗೆ ಹೋಗಿ ನಿಂತರೆ ತೆಂಕಣದ ಮುಗಿಲೆಲ್ಲ ಬೂದಿ. ಕಾದರು. ಬೂದಿ ಒಂದಿಷ್ಟು ಕೆಂಪಾಯಿತು, ಮತ್ತೆ ಬೂದಿಯಾಯಿತು.

ಇಳಿಯುವಾಗ ಎಯ್ನೊ ಗಾಡಿ ನಿಲ್ಲಿಸಿ ತಿರುಗಿದ. “ಶಂಕ್ರಪ್ಪಾ, ಕಂಡೆ ಅನ್ನು. ಹುಡುಕಿ ಉಣ್ಣಲಿ.”

ಹುಡುಕಿ ಅಂದರೆ ಹುಡುಗಿ. ಶಂಕ್ರಪ್ಪನೂ ಅದನ್ನೇ ಯೋಚಿಸುತ್ತಿದ್ದ. ಒಂದು ಸುಳ್ಳು, ಒಂದು ರೊಟ್ಟಿ. ಯಾರಿಗೂ ಏನೂ ತಿಳಿಯದು. ದಾರಿಯುದ್ದಕ್ಕೂ “ಕಂಡೆ, ಕಂಡೆ” ಅಂತ ಬಾಯೊಳಗೇ ಉರು ಹೊಡೆದ.

ಬಾಗಿಲು ತೆರೆದಾಗ ಮಾದೇವಿ ಎದುರಿಗೇ ನಿಂತಿದ್ದಳು. ಅವನು ಬಾಯಿ ತೆರೆಯುವ ಮೊದಲೇ ಅವಳ ಕಣ್ಣು ಎರಡನೆಯ ಗುಂಡಿ ದಾಟಿತು, ಮೊದಲನೆಯದನ್ನು ದಾಟಿತು, ಗದ್ದ ದಾಟಿ ಬಂದು ಅವನ ಕಣ್ಣಲ್ಲಿ ನಿಂತಿತು. ಕಂದು ಬಣ್ಣದ ಕಣ್ಣು. ಅದೂ ಅವನಿಗೆ ಗೊತ್ತಿರಲಿಲ್ಲ.

“ಕಾಣಲಿಲ್ಲ,” ಅಂದ. “ಮೋಡ ಇತ್ತು.”

ಅವಳು ಮತ್ತೆ ಕಣ್ಣು ಇಳಿಸಿದಳು. “ಹೋಗ್ಲಿ ಬಿಡ್ರಿ. ನೀವರ ಉಣ್ರಿ.”

ಅವನೂ ಉಣ್ಣಲಿಲ್ಲ. ಹಬ್ಬದ ಮನೆಯಲ್ಲಿ ಒಬ್ಬರ ಉಪವಾಸ ಇಬ್ಬರದ್ದಾಯಿತು. ಹಿಲ್ಮಾ ಬೋಗುಣಿಗಳನ್ನು ಕುಕ್ಕುತ್ತ ಮಗನಿಗೆ ಬೈದಳು. ಒಂದಕ್ಷರ ತಿಳಿಯದಿದ್ದರೂ ಶಂಕ್ರಪ್ಪನಿಗೆ ತನ್ನ ಮನೆಯಲ್ಲೇ ಇದ್ದ ಹಾಗೆ ಆಯಿತು. ಮಾದೇವಿ ಒಲೆಯ ಬಾಜೂ ಮಲಗಿದ್ದಳು. ಮೈ ಸಣ್ಣಗೆ ಕಾದಿತ್ತು. “ನಾಳೆನೂ ಮೋಡ ಇದ್ರ?” ಅಂತ ಅವನು ಕೇಳಿದ. “ನಾಳಿದ್ದು ಹೋಗ್ರಿ,” ಅಂದಳು. ಅವಳ ದನಿಯನ್ನು ಅವನು ಬಗ್ಗಿ ಕೇಳಬೇಕಾಯಿತು. ನಾಳಿದ್ದಿನ ತನಕ ಇವಳು ತಡೆಯುವುದಿಲ್ಲ ಅನ್ನುವುದು ಅವನಿಗೂ ಗೊತ್ತಾಯಿತು, ಹಿಲ್ಮಾಳಿಗೂ ಗೊತ್ತಾಗಿತ್ತು.

ಮರುದಿನ ಗಾಳಿ ತಿರುಗಿತ್ತು. ನೆತ್ತಿಯ ಮೇಲೆ ಚಳಿ ಹಲ್ಲಿನ ಬೇರಿಗೆ ಇಳಿಯುತ್ತಿತ್ತು. ತೆಂಕಣದಲ್ಲಿ ಮುಗಿಲು ತೊಳೆದಿಟ್ಟ ಪರಾತದಂತೆ ಬೋಳಾಗಿತ್ತು. ಮೊದಲು ಒಂದು ಕೆಂಪು ಗೆರೆ. ಆಮೇಲೆ ಗೆರೆಯ ನಡುವೆ, ಉಗುರಿನ ಅಂಚಿನಷ್ಟು ಬೆಂಕಿ. ಅಣ್ಣಿಗೇರಿಯಲ್ಲಿ ಹುಟ್ಟಿದಾಗಿನಿಂದ ಬೈಯುತ್ತ ಬಂದ ಸೂರ್ಯನಿಗೆ ಶಂಕ್ರಪ್ಪ ಕೈಗವಸು ಕಿತ್ತು ಕೈ ಮುಗಿದ.

ಇಳಿಯುವಾಗ ಎಯ್ನೊ ಮುಖಕ್ಕೆ ಉಣ್ಣೆ ಸುತ್ತಿಕೋ ಅಂದ. ಶಂಕ್ರಪ್ಪ ಬೇಡವೆಂದ.

“ಮೂಕು ಉದುರತೈತಿ.”

“ಉದುರ್ಲಿ. ಮುಚ್ಚಿದ್ರ ಕಂಡ ಹೊತ್ತು ಒರಸಿ ಹೋಕ್ಕೈತೋ.”

ಬಿಟ್ಟ ಮುಖಕ್ಕೆ ಗಾಳಿ ಬಡಿದು ಮೀಸೆ ಬೆಳ್ಳಗೆ ಹೆಪ್ಪುಗಟ್ಟಿತು. ಮನೆ ಬಂದಾಗ ತುಟಿ ಅಲುಗಲಿಲ್ಲ; ಏನೂ ಹೇಳಲಾಗದೆ ಮಾದೇವಿಯ ಮುಂದೆ ಹೋಗಿ ಮೊಣಕಾಲೂರಿ ಮುಖ ಚಾಚಿದ, ಕಂಡಕ್ಟರ್ ಹನಮಂತಪ್ಪನ ಹಾಗೆ.

ಅವಳು ಎದ್ದು ಕೂತಳು. “ಖರೇ?”

ಅವನು ಹೌದೆಂದು ಗೋಣು ಹಾಕಿದ. ನಿನ್ನೆ ಇಲ್ಲವೆಂದವನು ಇವತ್ತು ಹೌದೆಂದರೆ ಅದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅವಳು ಅವನ ಮುಖಕ್ಕೆ ಕೈ ಮುಗಿದಳು, ಆಮೇಲೆ ನೋಡತೊಡಗಿದಳು.

ಇದೇನೆಂದು ಹಿಲ್ಮಾ ಕೇಳಿದಳು. ಎಯ್ನೊ ತಮ್ಮ ಭಾಷೆಯಲ್ಲಿ ಹೇಳಿದ. ಮುದುಕಿ ಕೈ ಒರೆಸಿಕೊಂಡು ಬಂದು, ಮಗನ ಗದ್ದ ಹಿಡಿದು ದೀಪದ ಕಡೆ ತಿರುಗಿಸಿದಳು. ಅವಳೂ ಸೂರ್ಯನನ್ನು ಕಂಡು ಬಹಳ ದಿನವಾಗಿತ್ತು. ಮಗ ನೀರು ಹುಡುಕಿಕೊಂಡು ಹೋಗಿ ವರ್ಷಗಳೇ ಆಗಿದ್ದವು.

ಶಂಕ್ರಪ್ಪನ ಮೀಸೆ ಕರಗಿ ಗದ್ದದಿಂದ ತೊಟ್ಟಿಕ್ಕತೊಡಗಿತು. ಮೊಣಕಾಲು ನೋಯುತ್ತಿತ್ತು. ಬಾಯಿ ಸಡಿಲಾದದ್ದೇ ಅಂದ, “ಆತಿಲ್ಲೋ? ರೊಟ್ಟಿ ತಿನ್ನೂಣು. ಕಂಡಕ್ಟರ್ ಮಾರೀನೂ ಇಷ್ಟೊತ್ತು ನೋಡತಿದ್ದೇನು?”

“ಅಲ್ಲಾಡಬ್ಯಾಡ್ರಿ,” ಅಂದಳು ಮಾದೇವಿ. “ನಿನ್ನಿದೂ ಬಾಕಿ ಐತಿ.”