ದೀಪಾಲಿಯ ನೀಲಿ ಅಂಗಿ

"ಏ ಶಿವಗಂಗೀ, ಹೊರಗ ಬಾ! ನಿಮ್ಮಂಥಾರು ಉಚ್ಚಿ ಹೊಯ್ಲಿಕ್ಕೆ ಇಟ್ಟದ್ದಲ್ಲ ಇದು!"

ಮಧುಕರ ಸಂಡಾಸಿನ ಬಾಗಿಲು ಬಡಿಯುತ್ತ ಕೂಗಿದ. ಶಿವಗಂಗವ್ವ ಚಿಲಕ ತೆಗೆದು, ಪೊರಕೆ ಹಿಡಿದುಕೊಂಡೇ ಹೊರಬಂದಳು.

"ತೊಳಿಯಾಕ ಹೋಗಿದ್ನಿರಿ ಸಾಹೇಬ್ರ."

"ಬಾಗಲಾ ಹಾಕ್ಕೊಂಡು ತೊಳಿತಾರೇನು? ಹೊಲಸು ಮುದುಕಿ! ನಿಮ್ಮದು ಅಲ್ಲ್ಯದ, ರಸ್ತಾದ ಆಚಿ ಕಡೆ."

ನೀಲಿ ಅಂಗಿಯ ಸ್ವಯಂಸೇವಕರು ಕಿಸಕ್ಕನೆ ನಕ್ಕರು. ಅವರ ನಡುವೆ ದೀಪಾಲಿಯೂ ಇದ್ದಳು. ಅವಳು ನಗಲಿಲ್ಲ, ಗುರುತೇ ಇಲ್ಲದವಳಂತೆ ಬೇರೆ ಕಡೆ ನೋಡಿದಳು. ಶಿವಗಂಗವ್ವನಿಗೆ ಉಳಿದವರ ನಗುವಿಗಿಂತ ಅದೇ ಹೆಚ್ಚು ಚುಚ್ಚಿತು.

ಪುಣೆಯ ಅಂಚಿನ ಆ ಮೈದಾನದಲ್ಲಿ ದೇಶ ವಿದೇಶಗಳ ಆಟಗಾರರ ಕೂಟ ನಡೆದಿತ್ತು. ಕಚೇರಿ, ಊಟದ ಮನೆ, ಗಣ್ಯರ ಮಂಟಪ ಎಲ್ಲವೂ ತಗಡು, ಬಟ್ಟೆಗಳಲ್ಲಿ ರಾತ್ರೋರಾತ್ರಿ ಎದ್ದಿದ್ದವು. ಕಸ ಬಳಿಯಲು ಯೆರವಡಾದ ಜೋಪಡಿ ವಸ್ತಿಯ ಕನ್ನಡದ ಹೆಂಗಸರನ್ನು ಟೆಂಪೋದಲ್ಲಿ ತುಂಬಿ ತರುತ್ತಿದ್ದರು. ಉಸ್ತುವಾರಿ ಮಧುಕರನದು. ಧಾರವಾಡದ ಕಡೆಯವನು. ಮೇಲಿನವರ ಜೊತೆ ಇಂಗ್ಲಿಷು, ಪೊಲೀಸರ ಜೊತೆ ಮರಾಠಿ. ಕನ್ನಡ ಬೈಯುವುದಕ್ಕೆ ಮಾತ್ರ.

ದೀಪಾಲಿಯೂ ಅದೇ ಟೆಂಪೋದಲ್ಲಿ ಬಂದವಳು, ಶಿವಗಂಗವ್ವನ ಪಕ್ಕದ ಮನೆಯ ಹುಡುಗಿ. ಒಂದು ಬೆಳಿಗ್ಗೆ ಕಾಲೇಜಿನಿಂದ ಬರುವ ಸ್ವಯಂಸೇವಕರು ಕಡಿಮೆ ಬಿದ್ದರು. ಮಧುಕರ ಹೆಂಗಸರ ಸಾಲನ್ನು ಮೇಲಿಂದ ಕೆಳಗೆ ನೋಡಿ, ಶಿವಗಂಗವ್ವನನ್ನು ದಾಟಿ, ಬೆಳ್ಳಗಿದ್ದ ದೀಪಾಲಿಯ ಮುಂದೆ ನಿಂತ. ಅರ್ಧ ಗಂಟೆಯಲ್ಲಿ ಅವಳ ಮೈಮೇಲೆ ನೀಲಿ ಅಂಗಿ, ಕೊರಳಲ್ಲಿ ಕಾರ್ಡು, ಕಾಲಲ್ಲಿ ಬಿಳಿ ಬೂಟು.

ಅವತ್ತಿನಿಂದ ಶಿವಗಂಗವ್ವನ ಹೊಟ್ಟೆಯಲ್ಲಿ ಕೆಂಡ. ಪೊರಕೆ ಹಿಡಿಯುವುದನ್ನು ಕಲಿಸಿದವಳು ತಾನು. ಇವಳು ಮಾತ್ರ ಕುರ್ಚಿಯ ಮೇಲೆ ಕೂತು ಉಣ್ಣುತ್ತಾಳೆ. ಟೆಂಪೋದಲ್ಲಿ ಪಕ್ಕ ಕೂತರೆ ಹೊಸ ಬಟ್ಟೆಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಒಮ್ಮೆ ಬೇಕೆಂದೇ ಫಿನೈಲು ನೀರನ್ನು ಆ ಬಿಳಿ ಬೂಟಿನ ಮೇಲೆ ಚೆಲ್ಲಿ, "ಅಯ್ಯ, ಕಾಣಲಿಲ್ಲವ್ವ" ಅಂದಿದ್ದಳು. ದೀಪಾಲಿ ಸುಮ್ಮನೆ ಒರೆಸಿಕೊಂಡಿದ್ದಳು.

ಬೈಸಿಕೊಂಡ ಆ ದಿನವೇ ಮುಖ್ಯ ಅತಿಥಿ ಬರುವವನಿದ್ದ. ಮಧುಕರ ದೀಪಾಲಿಯನ್ನು ಸಂಡಾಸಿನ ಬಾಗಿಲಿಗೆ ಕಾವಲು ನಿಲ್ಲಿಸಿ ಹೋದ. ಕಾರುಗಳು ಬರುತ್ತವೆಂದು ಪೊಲೀಸರು ರಸ್ತೆಗೆ ಅಡ್ಡ ಹಗ್ಗ ಕಟ್ಟಿದರು. ಆಚೆ ಕಡೆಯ ಸಂಡಾಸಿಗೆಂದು ಶಿವಗಂಗವ್ವ ಹಗ್ಗದವರೆಗೆ ಹೋದಳು. "ಮಾಗೇ ವ್ಹಾ!" ಹಿಂದೆ ಸರಿ ಎಂದು ಪೊಲೀಸನೊಬ್ಬ ಕೋಲು ತೋರಿಸಿದ. ಕಿಬ್ಬೊಟ್ಟೆ ಹಿಡಿದುಕೊಂಡು ವಾಪಸು ಬಂದಳು.

"ದೀಪಿ, ಬಿಡ."

"ಚಿಗವ್ವಾ, ಸರ್ ಬೈತಾರ."

"ನೀ ಹೋಗ್ತಿ, ನಾ ಹೋಗಬಾರದೇನ? ಅಂಗಿ ಹಾಕ್ಕೊಂಡ ಕೂಡ್ಲೇ ನಿನ್ನ ಕುಂಡಿ ಬಂಗಾರ ಆತೇನ ಭೋಸಡಿ?"

ದೀಪಾಲಿಯ ಕಣ್ಣು ತುಂಬಿತು. "ನನಗೂ ಬಿಡಂಗಿಲ್ಲ ಚಿಗವ್ವಾ. ಕಾಲೇಜಿನವರ ಕಾರ್ಡಿಗೆ ಕೆಂಪು ಪಟ್ಟಿ ಐತಿ, ನನ್ನದಕ್ಕ ಇಲ್ಲ. ಹೊರಗ ಆಗಿ ಮೂರು ದಿನ ಆತು. ಬಟ್ಟಿ ಬದಲಿಸಾಕೂ ಜಾಗ ಇಲ್ಲ. ಮುಂಜಾನಿಂದ ನೀರ ಕುಡದಿಲ್ಲ."

ಶಿವಗಂಗವ್ವನಿಗೆ ಮೊದಲು ತಣ್ಣಗಾಯಿತು. ಚಲೋ ಆತು ಎಂದಿತು ಮನಸ್ಸು. ಆಮೇಲೆ ಹುಡುಗಿಯ ಒಣಗಿದ ತುಟಿ ಕಂಡಿತು, ಒಂದಕ್ಕೊಂದು ಒತ್ತಿ ಹಿಡಿದ ಮೊಣಕಾಲು ಕಂಡವು.

"ಆ ಸಾಹೇಬನ ಹೆಣಾ ಎತ್ಲಿ, ಭಾಡ್ಯಾ," ಎಂದು ಬೈದು, ದೀಪಾಲಿಯನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋಗಿ ಚಿಲಕ ಹಾಕಿದಳು.

ಕೂತು ಇನ್ನೂ ಹಗುರಾಗಿರಲಿಲ್ಲ. ಹೊರಗೆ ಬೂಟಿನ ಸದ್ದು, ಮಧುಕರನ ನಯವಾದ ಇಂಗ್ಲಿಷು. ಅತಿಥಿಯ ಹೆಂಡತಿಯನ್ನು ಕರೆತಂದಿದ್ದ. ಬಾಗಿಲು ಅಲುಗಿತು.

"ಯಾರದು ಒಳಗ?" ದನಿ ಕನ್ನಡಕ್ಕೆ ತಿರುಗಿತು. "ದೀಪಾಲೀ, ಯಾರಿಗೆ ಬಿಟ್ಟಿ? ಎಳದು ಹೊರಗ ಹಾಕು. ಇಲ್ಲಾಂದ್ರ ಅಂಗಿ ಇಲ್ಲೇ ಕಳಚಿಟ್ಟು ನಡಿ!"

ಶಿವಗಂಗವ್ವ ಚಿಲಕವನ್ನು ಒತ್ತಿ ಹಿಡಿದಳು. ಈಗ ಇವಳು ಬಾಗಿಲು ಬಡಿಯುತ್ತಾಳೆ ಎಂದುಕೊಂಡಳು.

"ಒಳಗ ನಮ್ಮ ಚಿಗವ್ವ ಅದಾಳ್ರಿ," ಎಂದಿತು ದೀಪಾಲಿಯ ದನಿ. ಗಟ್ಟಿಯಾಗಿತ್ತು. "ಆಕಿ ಆದ ಮ್ಯಾಲ ನನ್ನ ಪಾಳಿ ಐತಿ. ಆ ಬಾಯಿಸಾಹೇಬ್ರಿಗೆ ನನ್ನ ಹಿಂದ ನಿಲ್ಲಾಕ ಹೇಳ್ರಿ."

ಬಾಗಿಲಿಗೆ ದೀಪಾಲಿಯ ಬೆನ್ನು ಒರಗಿದ ಸದ್ದಾಯಿತು.

ಆ ಮಾತು ತನ್ನ ಬಾಯಿಂದ ಬರಬೇಕಿತ್ತಲ್ಲ ಎಂದು ಶಿವಗಂಗವ್ವನಿಗೆ ಮತ್ತೆ ಹೊಟ್ಟೆ ಉರಿಯಿತು.